ಮೇಷ್ಟ್ರು ಶಾಯಿಯಲ್ಲಿ ತುಂಬಿದ ಪದಬಂಧ

ರೈಲು ಹತ್ತಿ ಕೂತು ಪತ್ರಿಕೆ ಬಿಚ್ಚಿದರೆ ಸಾಕು, ನನಗೆ ಬೆಳಗಿನ ಹೊತ್ತೇ ತಲೆ ಕೆಡುತ್ತಿತ್ತು. ಪದಬಂಧದ ಅರ್ಧಕ್ಕರ್ಧ ಚೌಕಗಳು ಆಗಲೇ ತುಂಬಿರುತ್ತಿದ್ದವು. ಸರಿಯಾಗಿ ತುಂಬಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಒಂದು ಸರಿ ಇದ್ದರೆ ಎರಡು ತಪ್ಪು. ಪೆನ್ಸಿಲ್ಲಿನಲ್ಲಿ ಬರೆದಿದ್ದರೆ ರಬ್ಬರ್ ಹಾಕಿ ಉಜ್ಜಬಹುದು, ಇದು ಶಾಯಿ. ಗುಂಡಗಿನ, ಒಂದು ಒತ್ತಕ್ಷರವೂ ಸೊಟ್ಟಗಾಗದ, ಕಾಪಿ ಪುಸ್ತಕದ ಅಕ್ಷರ. ಅಷ್ಟು ಚೆಂದದ ಅಕ್ಷರದಲ್ಲಿ ಅಷ್ಟೊಂದು ತಪ್ಪು ಬರೆಯುವ ಮನುಷ್ಯರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಂಗಾರಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಊರಿಗಾಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಬೆಳಿಗ್ಗೆ ಚಿನ್ನದ ಗಣಿ ಕಡೆ ಹೋಗುವ ರೈಲಿನ ಹೆಂಗಸರ ಡಬ್ಬಿಯಲ್ಲಿ ನಾವು ಮೂವರು ಗೆಳತಿಯರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಒಬ್ಬಳು ನಮ್ಮ ಶಾಲೆಯ ಹೊಲಿಗೆ ಟೀಚರ್. ಬಂಗಾರಪೇಟೆ ಪಕ್ಕದ ಹಳ್ಳಿಯ ರೈತರ ಮನೆಯ ಹುಡುಗಿ, ಮದುವೆಯಾಗಿ ಪೇಟೆಗೆ ಬಂದವಳು. ನನಗಿಂತ ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಇನ್ನೊಬ್ಬಳು ಊರಿಗಾಂ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೆರಿಗೆ ಆಸ್ಪತ್ರೆಗೆ ಹೋಗುವ ನರ್ಸು. ಅವಳನ್ನು ನಾವಿಬ್ಬರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ಅವಳಿಗೆ ಮನೆಯಲ್ಲಿ ತೆಲುಗು, ವಾರ್ಡಿನಲ್ಲಿ ತಮಿಳು, ನಮ್ಮ ಜೊತೆ ಕನ್ನಡ.

ಆ ಪತ್ರಿಕೆಯ ಪದಬಂಧ ನೇರವಾಗಿ ಅರ್ಥ ಕೇಳುವ ಜಾತಿಯದಲ್ಲ. ಹಳೇ ಕಾಲದ ಒಗಟಿನ ಹಾಗೆ ಸುತ್ತಿ ಬಳಸಿ ಕೇಳುವುದು. ಮೊದಲ ಸಲ ನಮಗೆ ಅದರ ರುಚಿ ಹತ್ತಿದ್ದು ನನಗಿನ್ನೂ ನೆನಪಿದೆ. 'ಪಲ್ಟಿ ಹೊಡೆದ ಕೋತಿ ಇಂಪಾಗಿ ಹಾಡಿತು' ಅಂತ ಸುಳಿವು, ಎರಡು ಅಕ್ಷರ. ಕೋತಿ ಎಲ್ಲಾದರೂ ಹಾಡುತ್ತದೆಯೇ ಅಂತ ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಕಿಟಕಿಯಾಚೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ ನೋಡುತ್ತಾ ಕೂತಿದ್ದ ಸಿಸ್ಟರ್ ತಟ್ಟನೆ ತಿರುಗಿ, "ಕೋತಿ ಅಂದರೆ ಕಪಿ. ಕಪಿ ಪಲ್ಟಿ ಹೊಡೆದರೆ ಪಿಕ. ಪಿಕ ಅಂದರೆ ಕೋಗಿಲೆ ಅಲ್ವೇನ್ರೀ?" ಅಂದಳು. ಮೂವರೂ ಜೋರಾಗಿ ಕೂಗಿಬಿಟ್ಟೆವು. ಎದುರು ಬೆಂಚಿನಲ್ಲಿ ಮಲಗಿದ್ದ ಕೂಸು ಎದ್ದು ಅತ್ತಿತು. ಅದರ ತಾಯಿ ಬೈದಳು. ಆ ದಿನದಿಂದ ನಮಗೆ ಅದೇ ಹುಚ್ಚು.

ಆದರೆ ಆ ಸುಖವನ್ನು ಸುಖವಾಗಿ ಅನುಭವಿಸಲು ಬಿಟ್ಟವರು ಯಾರು? ಒಳಗಿನ ಕಾಟವೇ ಸಾಕಷ್ಟಿತ್ತು. ಹೊಲಿಗೆ ಟೀಚರ್ ಬುದ್ಧಿ ಚುರುಕು, ಆದರೆ ಅವಳ ಊರಿನವರ ಬಾಯಲ್ಲಿ ಹಕಾರ ಹುಟ್ಟಿಯೇ ಇಲ್ಲ. 'ಹೊಟ್ಟೆಯ ಮೇಲೆ ನಡೆಯುವುದು' ಅಂತ ಒಂದು ದಿನ ಸುಳಿವು ಬಂದಾಗ ಅವಳು "ಆವು!" ಅಂತ ಕೂಗಿದಳು.

ಸಿಸ್ಟರ್ ಮುಖ ಸಿಂಡರಿಸಿದಳು. "ಆವು ಹೊಟ್ಟೆ ಮೇಲೆ ನಡೆಯುತ್ತಾ? ನಾಲ್ಕು ಕಾಲು ಎಲ್ಲಿಗೆ ಹೋದವು?"

"ಆವಿಗೆ ಕಾಲೆಲ್ಲೈತೆ ಸಿಸ್ಟರ್?"

"ಕಾಲಿಲ್ಲದೆ ಹಾಲು ಕೊಡೋದು ನಿಮ್ಮೂರಲ್ಲೇ ಇರಬೇಕು!"

ತೆಲುಗಿನಲ್ಲಿ ಆವು ಅಂದರೆ ಹಸು. ಇವರಿಬ್ಬರ ಜಗಳ ಬಿಡಿಸಿ 'ಹಾವು' ಅಂತ ಬರೆಯುವಷ್ಟರಲ್ಲಿ ಊರಿಗಾಂ ಬಂದಿತ್ತು. ಇನ್ನೂ ಆರು ಸುಳಿವು ಬಾಕಿ.

ಹೊರಗಿನ ಕಾಟ ಹೊಲಿಗೆ ಟೀಚರಿನ ಮಾವನವರದು. ಅವರು ನಿವೃತ್ತ ಹೆಡ್‌ಮೇಷ್ಟ್ರು. ಪತ್ರಿಕೆ ತರಿಸುತ್ತಿದ್ದವರು ಅವರೇ. ನಮ್ಮ ಮನೆಯಲ್ಲಿ ಅಣ್ಣ ಇಂಗ್ಲಿಷ್ ಪತ್ರಿಕೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ, ಒಂದು ಮನೆಗೆ ಎರಡು ಪತ್ರಿಕೆ ಯಾಕೆ ಅಂತ ಅವನ ವಾದ. ಹೀಗಾಗಿ ಮೇಷ್ಟ್ರ ಪತ್ರಿಕೆಯೇ ನಮಗೆ ಗತಿ. ಬೆಂಗಳೂರಿಂದ ಮೊದಲ ರೈಲಿಗೆ ಬಂದ ಪತ್ರಿಕೆ ಅವರ ಕೈಗೆ ಬೀಳುತ್ತಿತ್ತು. ಕಾಫಿ ಕುಡಿಯುತ್ತಾ ಪದಬಂಧಕ್ಕೆ ಕೈ ಹಾಕುತ್ತಿದ್ದರು. ಸೊಸೆ ರೈಲಿಗೆ ಹೊರಡುವ ಹೊತ್ತಿಗೆ "ತಗೊಂಡು ಹೋಗಮ್ಮ" ಅಂತ ದೊಡ್ಡ ಮನಸ್ಸು ಮಾಡಿ ಕೊಟ್ಟು ಕಳಿಸುತ್ತಿದ್ದರು.

"ಮೊದಲು ನೀನು ನೋಡ್ತೀನಿ ಅನ್ನಬಾರದೇನೇ?" ಅಂತ ನಾನು ರೇಗಿದರೆ ಅವಳು ಕಣ್ಣು ಅಗಲ ಮಾಡುತ್ತಿದ್ದಳು. "ಅಯ್ಯೋ ಅಕ್ಕ, ಮಾವನ ಕೈಯಿಂದ ಪೇಪರ್ ಕಿತ್ಕೊಳ್ಳಾಕ್ ಆಯ್ತದಾ? ಅವರ ಮುಂದೆ ನಿಂತು ನಾನು ಮಾತೇ ಆಡಕಿಲ್ಲ. ಅಡಿಗೆ ಮನೆ ಬಾಗ್ಲಿಂದ್ಲೇ ಎಲ್ಲಾ."

"ಪೆನ್ಸಿಲ್‌ನಲ್ಲಾದರೂ ಬರೀರಿ ಅಂತ ಬಾಗಿಲಿಂದಲೇ ಹೇಳು."

ಮಾರನೇ ದಿನ ಅವಳು ಉತ್ತರ ತಂದಳು. "ಏಳ್ದೆ ಅಕ್ಕ. ಗೊತ್ತಿಲ್ದೋರು ಪೆನ್ಸಿಲ್‌ನಾಗೆ ಬರೀತಾರೆ ಅಂದ್ರು."

ನನಗೆ ಮೈಯೆಲ್ಲ ಉರಿಯಿತು.

ಎಲ್ಲಕ್ಕೂ ಕಳಶವಿಟ್ಟದ್ದು 'ನಾರ'. 'ನಡು ಕಳೆದುಕೊಂಡ ನಗರದಲ್ಲಿ ಉಳಿದದ್ದು ಮನುಷ್ಯ' ಅಂತ ಸುಳಿವು. ನಗರದ ನಡುವಿನ ಅಕ್ಷರ ತೆಗೆದರೆ ನರ. ಹೊಸಬರಿಗೂ ಹೊಳೆಯುವಂಥದ್ದು. ಮೇಷ್ಟ್ರು ಅಲ್ಲಿ ಠೀವಿಯಿಂದ 'ನಾರ' ಅಂತ ಬರೆದಿದ್ದರು. ಅದರ ಮೊದಲ ಚೌಕದಿಂದಲೇ ಕೆಳಕ್ಕೆ ನವಿಲು ಬರಬೇಕಿತ್ತು.

"ಈಗ ನಾವಿಲು ಅಂತ ಬರೆಯಲೇನೇ? ನಿಮ್ಮ ಮಾವನವರನ್ನು ಕೇಳು, ನಾವಿಲು ಯಾವ ಕಾಡಲ್ಲಿರುತ್ತೆ ಅಂತ!" ಅಂತ ನಾನು ಕೂಗಾಡಿದೆ. ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊಲಿಗೆ ಟೀಚರ್ ಪಾಪ, ನಾನು ಹೇಳಿದ್ದನ್ನು ಚಾಚೂ ತಪ್ಪದೆ ಅಡಿಗೆ ಮನೆಯ ಬಾಗಿಲಿಂದ ಒಪ್ಪಿಸಿಬಿಟ್ಟಳು. ಮೇಷ್ಟ್ರು ಹೇಳಿ ಕಳಿಸಿದರು: ಭಾನುವಾರ ಆ ಟೀಚರಮ್ಮನ್ನ ಮನೆಗೆ ಕರಕೊಂಡು ಬಾ.

ಹೋದೆ. ಜಗಳ ಆಡುವುದಕ್ಕೇ ಸಿದ್ಧವಾಗಿ ಹೋದೆ. ರೈಲ್ವೆ ಗೇಟಿನಾಚೆ ಹೆಂಚಿನ ಮನೆ. ನಡುಮನೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಅವರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿಗೆ ಸಿಕ್ಕಿಸಿದ ಪೆನ್ನು. ಸೊಸೆ ನನ್ನನ್ನು ಒಳಗೆ ಬಿಟ್ಟು ಅಡಿಗೆ ಮನೆ ಸೇರಿಕೊಂಡಳು.

"ಬಾಮ್ಮ. ನನ್ನ ಉತ್ತರ ತಿದ್ದೋ ಟೀಚರಮ್ಮ ನೀನೇನಾ? ಕೂತ್ಕೋ."

"ತಿದ್ದೋಕೆ ಆಗಲ್ಲ ಸಾರ್, ಶಾಯಿ," ಅಂದೆ.

ಅವರು ನಗಲಿಲ್ಲ. ಸೊಸೆಯಿಂದ ಆ ನಾರದ ದಿನದ ಹಳೇ ಪತ್ರಿಕೆ ತರಿಸಿ ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಸುಳಿವನ್ನ ಮೊದಲು ಸರಿಯಾಗಿ ಓದಬೇಕು. ನಾನು ಓದ್ತೀನಿ, ಕೇಳಿಸ್ಕೋ. 'ನಡು ಕಳೆದುಕೊಂಡ ನಾಗರದಲ್ಲಿ ಉಳಿದದ್ದು ಮನುಷ್ಯ.' ನಾಗರ. ನಾಗರಹಾವು. ಗ ತೆಗೆದರೆ ನಾರ. ನರನಿಗೆ ಸಂಬಂಧಿಸಿದ್ದು ನಾರ, ಇದು ಸಂಸ್ಕೃತ. ನಿಮ್ಮ ಕಾಲದಲ್ಲಿ ಸಂಸ್ಕೃತ ಎಲ್ಲಿ ಕಲಿಸ್ತಾರೆ!"

ನಾನು ಎದ್ದು ಹೋಗಿ ಅವರ ಭುಜದ ಹಿಂದಿನಿಂದ ಬಗ್ಗಿ ನೋಡಿದೆ. "ನಾಗರ ಅಲ್ಲ ಸಾರ್. ನಗರ. ಅಲ್ಲಿ ದೀರ್ಘ ಇಲ್ಲ."

"ಇದೆ."

"ಇಲ್ಲ ಸಾರ್."

ಅವರು ಪತ್ರಿಕೆಯನ್ನು ಮುಖದ ಹತ್ತಿರ ತಂದರು. ದೂರ ಹಿಡಿದರು. ಕಿಟಕಿಯ ಬೆಳಕಿಗೆ ಓರೆ ಮಾಡಿದರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. "ಮುಂದಿನದು ಓದಿ ಸಾರ್," ಅಂದೆ. ಅಲ್ಲಿ 'ಹಣ್ಣು' ಅಂತ ಇತ್ತು, ಅವರು 'ಹೆಣ್ಣು' ಅಂತ ಓದಿದರು. 'ಬಳೆ'ಯನ್ನು 'ಬೆಳೆ' ಅಂದರು. ತಡವರಿಸದೆ, ಗಟ್ಟಿ ದನಿಯಲ್ಲಿ, ತರಗತಿಯಲ್ಲಿ ಪಾಠ ಓದುವ ಹಾಗೆ. ಅಡಿಗೆ ಮನೆಯ ಬಾಗಿಲಲ್ಲಿ ಸೊಸೆ ಸೌಟು ಹಿಡಿದುಕೊಂಡು ನಿಂತುಬಿಟ್ಟಿದ್ದಳು. ಅವರ ಕಣ್ಣು ಮಂಜಾಗಿರುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರಿ, ಬಾವಿಕಟ್ಟೆ, ಅಂಗಡಿ ಬೀದಿ ಎಲ್ಲವೂ ಅವರಿಗೆ ಕಾಲಿಗೇ ಪಾಠವಾಗಿದ್ದವು.

"ಸಾರ್, ಕಣ್ಣು ಒಂದ್ಸಲ ತೋರಿಸಬಾರದಾ?" ಅಂದೆ.

"ಕಣ್ಣಿಗೇನಾಗಿದೆ? ಅಚ್ಚಿನ ಮೊಳೆ ಸವೆದು ಹೋಗಿದೆ. ಈಗಿನ ಪ್ರೆಸ್ಸಿನವರಿಗೆ ಶ್ರದ್ಧೆ ಇಲ್ಲ," ಅಂತ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಕಾಫಿ ಕೊಟ್ಟರು, ಕುಡಿದು ಬಂದೆ.

ಮುಂದಿನ ವಾರ ಸಿಸ್ಟರನ್ನೇ ಕರೆದುಕೊಂಡು ಹೋದೆ. ಅವಳು ಟಾರ್ಚ್ ಹಾಕಿ ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಲೇಬೇಕು ಅಂದಳು. ಮೇಷ್ಟ್ರು, "ಹೆರಿಗೆ ಮಾಡಿಸೋಳಿಗೆ ಕಣ್ಣಿನ ವಿಷಯ ಏನು ಗೊತ್ತು?" ಅಂದರು. ರೈಲ್ವೆಯಲ್ಲಿ ಕೆಲಸದಲ್ಲಿದ್ದ ಮಗ ಊರಿಗೆ ಬಂದಾಗ ಹೇಳಿ ನೋಡಿದ. ಅವನಿಗೂ ಅಚ್ಚಿನ ಮೊಳೆಯ ಕತೆಯೇ. ಹೀಗೆ ತಿಂಗಳುಗಳು ಕಳೆದವು. ಅಷ್ಟು ದಿನವೂ ನಾವು ಹಣ್ಣಿಗೆ ಹೆಣ್ಣು, ಬಳೆಗೆ ಬೆಳೆ ಓದಿ ಬರೆದ ಉತ್ತರಗಳ ನಡುವೆ ಸಂದಿಗೊಂದಿ ಹುಡುಕಿಕೊಂಡು ಪದಬಂಧ ಬಿಡಿಸಿದೆವು. ಕಾರಣ ಗೊತ್ತಾದ ಮೇಲೆ ಬೈಯುವ ಹಾಗೂ ಇಲ್ಲ. ಬೈಯದೆ ಇರುವುದು ನನಗೆ ಇನ್ನೂ ಕಷ್ಟವಾಯಿತು.

ಒಂದು ದಿನ ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ ಎಲ್ಲ ಚೌಕಗಳೂ ಖಾಲಿ. ಒಂದು ಚುಕ್ಕೆ ಶಾಯಿಯಿಲ್ಲ. ಅಂಥ ಪತ್ರಿಕೆಗಾಗಿ ನಾನು ಎಷ್ಟು ಸಲ ಹಂಬಲಿಸಿದ್ದೆನೋ! "ಇವತ್ತೇನು, ನಿಮ್ಮ ಮಾವನವರು ಊರಲ್ಲಿಲ್ಲವಾ?" ಅಂತ ಕೇಳಿದೆ. ಹೊಲಿಗೆ ಟೀಚರ್ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಪೇಪರ್ ಮುಟ್ಲಿಲ್ಲ ಅಕ್ಕ. ಪೆನ್ನು ಜೋಬಲ್ಲೇ ಐತೆ. ನೀವೇ ಮಾಡ್ಕೊಳ್ಳಿ ಅಂದ್ರು. ಗೋಡೆ ಕಡೆ ಮುಖ ಮಾಡ್ಕೊಂಡು ಕುಂತವ್ರೆ."

ಆ ಪದಬಂಧವನ್ನು ನಾವು ಸಲೀಸಾಗಿ ಬಿಡಿಸಿ ಮುಗಿಸಿದೆವು. ಯಾರೂ ಕೂಗಲಿಲ್ಲ. ದಾರಿಯ ನಡುವಿನ ಕೋರಮಂಡಲ್ ಸ್ಟೇಷನ್ ದಾಟುವ ಮೊದಲೇ ಪತ್ರಿಕೆ ಮಡಿಸಿಟ್ಟೆವು. ನಾವು ಇಳಿಯುವ ಮೊದಲು ಸಿಸ್ಟರ್, "ಬಂಗಾರಪೇಟೆ ಛತ್ರದಲ್ಲಿ ಕಣ್ಣಿನ ಶಿಬಿರ ಮಾಡ್ತಾರಂತೆ. ನಾನು ರಜಾ ಹಾಕಿ ಸೇವೆಗೆ ಹೋಗ್ತೀನಿ. ಈ ಸಲ ನಾನೇ ಅವರನ್ನ ಕೈ ಹಿಡಿದು ಕರಕೊಂಡು ಹೋಗ್ತೀನಿ, ನೋಡ್ತಿರಿ," ಅಂದಳು. ಹಾಗೇ ಮಾಡಿದಳು. ಮೇಷ್ಟ್ರು ಈ ಸಲ ತಕರಾರು ತೆಗೆಯಲಿಲ್ಲ.

ಛತ್ರದ ಹಜಾರದಲ್ಲಿ ಸಾಲಾಗಿ ಹಾಸಿಗೆ ಹಾಕಿದ್ದರು. ಆಪರೇಷನ್ ಆದವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು ಅಂಗಾತ ಮಲಗಿರಬೇಕು. ಕೆಮ್ಮಬಾರದು, ಜೋರಾಗಿ ನಗಬಾರದು, ತಲೆ ಅಲ್ಲಾಡಿಸಬಾರದು. ಮೇಷ್ಟ್ರಿಗೆ ಎರಡನೇ ದಿನಕ್ಕೇ ಬೇಸರ ಹತ್ತಿ ಬಂದವರನ್ನೆಲ್ಲ ಗದರಿಸತೊಡಗಿದ್ದರು. ಸಂಜೆಯ ರೈಲಿಳಿದು ನಾನೂ ಹೊಲಿಗೆ ಟೀಚರೂ ನೇರವಾಗಿ ಅಲ್ಲಿಗೆ ಹೋದೆವು. ಪತ್ರಿಕೆ ಹೊರತೆಗೆದು, "ಸಾರ್, ಪದಬಂಧ ಓದಲಾ?" ಅಂದೆ.

"ಚೌಕ ಎಲ್ಲಿ ಕಾಣುತ್ತೆ ನನಗೆ?"

"ನಾವು ಹೇಳ್ತೀವಿ. ನೀವು ಮನಸ್ಸಲ್ಲಿ ಬರ್ಕೊಳ್ಳಿ."

ಒಪ್ಪಿದರು. ಆದರೆ ನಾನು ಇಡೀ ದಿನ ಪಾಠ ಮಾಡಿ ಬಂದವಳು, ಗಂಟಲು ಕಟ್ಟಿತ್ತು. ಪತ್ರಿಕೆಯನ್ನು ಸೊಸೆಯ ಕೈಗಿಟ್ಟೆ. ಅವಳು ಬೆಚ್ಚಿಬಿದ್ದಳು. "ನಂಗಾಗಕಿಲ್ಲ ಅಕ್ಕ. ಮಾವನ ಮುಂದೆ ಎಂಗ್ ಓದ್ಲಿ?" ಅಂತ ಪಿಸುಗುಟ್ಟಿದಳು.

"ಅವರ ಕಣ್ಣು ಕಟ್ಟಿದೆಯಲ್ಲೇ, ನೀನು ಎಲ್ಲಿ ಕೂತಿದ್ದೀಯ ಅಂತ ಅವರಿಗೇನು ಕಾಣುತ್ತಾ? ಅಡಿಗೆ ಮನೆ ಅಂದ್ಕೊಂಡು ಓದು."

ಅವಳು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಸಣ್ಣ ದನಿಯಲ್ಲಿ ಶುರು ಮಾಡಿದಳು. "ತಲೆ ಓದ ಕಮಲ ಕೊಳೆ. ಎರಡಕ್ಷರ."

"ಓದ ಅಲ್ಲ, ಹೋದ ಅನ್ನಮ್ಮ," ಅಂದರು ಮೇಷ್ಟ್ರು, ಮಲಗಿದಲ್ಲಿಂದಲೇ. "ಹೊಟ್ಟೆಯಿಂದ ಉಸಿರು ಬಿಟ್ಟು ಹೋ ಅನ್ನು."

"ಓದ."

"ಹೋ!"

"ಅದೇ ಮಾವ, ಓ!"

ಮೇಷ್ಟ್ರ ಹೊಟ್ಟೆ ಕುಣಿಯತೊಡಗಿತು. ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದರು. ಅಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಇನ್ನೊಂದು ದನಿ ಬಂತು. ಅಲ್ಲಿ ಮಲಗಿದ್ದವನು ದನದ ವ್ಯಾಪಾರದ ಮುದುಕ. ಅವನಿಗೂ ಕಣ್ಣಿಗೆ ಪಟ್ಟಿ.

"ಯಾರವ್ವ ಅದು ಕಮಲ? ತಲೆ ಯಾಕೋಯ್ತು ಅವಳ್ದು? ಗಂಡ ಕಡಿದ್ನಾ?"

"ಕಮಲ ಅಂದರೆ ಹೂವು ತಾತ," ಅಂದೆ ನಾನು. "ತಾವರೆ ಹೂವು. ಕ ತೆಗೆದರೆ ಮಲ ಉಳಿಯುತ್ತೆ, ಮಲ ಅಂದರೆ ಕೊಳೆ."

"ಊವಿನ ತಲೆ ಯಾಕ್ ಕಡೀತಾರೆ? ಓಗ್ಲಿ, ಮುಂದಕ್ಕೇಳು, ಆಮೇಲೇನಾಯ್ತು?"

ಅವನಿಗೆ ಅದೆಲ್ಲ ಒಂದೇ ಕತೆ. ಪ್ರತಿ ಸುಳಿವಿಗೂ ಹಿಂದಿನ ಸುಳಿವನ್ನು ಗಂಟು ಹಾಕುತ್ತಿದ್ದ. ಮಾರನೇ ಸಂಜೆ ನಾವು ಹೋಗುವುದನ್ನೇ ಕಾದಿದ್ದು, ಕಮಲನ ಹೆಣ ಸಿಕ್ಕಿತಾ ಅಂತ ಕೇಳಿದ. ಆಚೆ ಹಾಸಿಗೆಯವರು ಅವನಿಗೆ ವಿವರಿಸಲು ಹೋದರು, ಅವರನ್ನು ಈಚೆಯವರು ತಿದ್ದಿದರು. ಸಿಸ್ಟರ್ ಓಡಿ ಬಂದು, "ಯಾರಾದರೂ ತಲೆ ಅಲ್ಲಾಡಿಸಿದರೆ ಪದಬಂಧ ಹರಿದು ಹಾಕ್ತೀನಿ!" ಅಂತ ತೆಲುಗು, ತಮಿಳು, ಕನ್ನಡ ಮೂರರಲ್ಲೂ ಗದರಿದಳು. ಮೇಷ್ಟ್ರ ಕಾಟ ಬೇರೆ. ಐದನೇ ಸುಳಿವಿಗೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆತು, "ಮೂರನೇ ಚೌಕದಲ್ಲಿ ಏನಂದೆ? ಇನ್ನೊಮ್ಮೆ ಮೊದಲಿಂದ ಓದು," ಅನ್ನುತ್ತಿದ್ದರು. ಸೊಸೆ ಬೇಸರಿಸದೆ ಮೊದಲಿಂದ ಓದುತ್ತಿದ್ದಳು. ನಾನು ತಾಳ್ಮೆ ಕಳೆದುಕೊಂಡು ಹೊರಗೆ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದೆ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ದಿನದಿಂದ ದಿನಕ್ಕೆ ಅದು ಜೋರಾಗುತ್ತಿತ್ತು.

"ಅಲ್ಲ ಮಾವ, ಅದು ಆ ಚೌಕಕ್ಕೆ ಒಂದಕಿಲ್ಲ!" ಅಂತ ಒಂದು ಸಂಜೆ ಅವಳು ಕೂಗಿದ್ದು ಬೀದಿಗೂ ಕೇಳಿಸಿತು.

ಪಟ್ಟಿ ಬಿಚ್ಚಿದರು, ಮೇಷ್ಟ್ರು ಮನೆಗೆ ಬಂದರು, ಕೆಲವು ವಾರದ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ ಬಂತು. ಕನ್ನಡಕ ಬಂದ ಭಾನುವಾರ ನಾನೂ ಸಿಸ್ಟರೂ ಹೋಗಿದ್ದೆವು. ಅವರು ಪತ್ರಿಕೆ ಬಿಚ್ಚಿ ಒಂದೊಂದೇ ಸುಳಿವನ್ನು ಗಟ್ಟಿಯಾಗಿ ಓದಿದರು. ಒಂದು ದೀರ್ಘ ತಪ್ಪಲಿಲ್ಲ, ಒಂದು ಕೊಂಬು ತಪ್ಪಲಿಲ್ಲ. ಸಿಸ್ಟರಿನ ಕಣ್ಣಲ್ಲಿ ನೀರು ಬಂತು. ಇನ್ನು ನಮ್ಮ ಕಷ್ಟ ಮುಗಿಯಿತು ಅಂತ ನನಗೂ ಎದೆ ಹಗುರಾಯಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

"'ಕುತ್ತಿಗೆಯಲ್ಲಿದ್ದದ್ದು ತಿರುಗಿ ಬಿದ್ದರೆ ಮಾವಿನಹಣ್ಣಿನೊಳಗೆ.' ಎರಡಕ್ಷರ," ಅಂತ ಓದಿ, ತಡ ಮಾಡದೆ ಶಾಯಿಯಲ್ಲಿ, ಮಾವಿನ ಗೊರಟಿಗೆ ನಮ್ಮ ಕಡೆ ಅನ್ನುವ ಹಾಗೆ, 'ವಾಟೆ' ಅಂತ ಬರೆದರು.

ನನ್ನ ಜೀವ ಬಾಯಿಗೆ ಬಂತು. "ಸಾರ್! ಸರ ತಿರುಗಿದರೆ ರಸ ಅಲ್ಲವಾ ಸಾರ್?"

"ಮಾವಿನಹಣ್ಣಲ್ಲಿ ವಾಟೆ ಇರಲ್ವಾ?"

"ಇರುತ್ತೆ ಸಾರ್. ಕುತ್ತಿಗೆಯಲ್ಲಿ ಎಲ್ಲಿರುತ್ತೆ?"

"ನುಂಗಿ ನೋಡು, ಎಲ್ಲಿ ಸಿಕ್ಕೊಳ್ಳುತ್ತೆ ಅಂತ ಗೊತ್ತಾಗುತ್ತೆ!"

ಸಿಸ್ಟರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡೆ. ಪೊರೆ, ಶಿಬಿರ, ಮರಳಿನ ಚೀಲ, ಕಮಲನ ಹೆಣ, ಇಷ್ಟೆಲ್ಲ ಆದ ಮೇಲೂ ವಾಟೆ! ಕಣ್ಣಿನ ಪೊರೆಯ ಪಾಲು ಅರ್ಧವಿದ್ದಿರಬಹುದು, ಉಳಿದರ್ಧ ಅವರ ಸ್ವಂತದ್ದೇ ಅಂತ ಆವತ್ತು ತಿಳಿಯಿತು.

ಆಗ ಹೊಲಿಗೆ ಟೀಚರ್ ಅಡಿಗೆ ಮನೆಯಿಂದ ಸೀದಾ ನಡುಮನೆಗೆ ಬಂದು ಅವರ ಕುರ್ಚಿಯ ಪಕ್ಕ ನಿಂತಳು. ಕೈಯಲ್ಲಿ ಪೆನ್ಸಿಲ್. "ಕೊಡಿ ಮಾವ ಇಲ್ಲಿ. ಇನ್ಮ್ಯಾಕೆ ನೀವು ಬರಿಯೋಕ್ ಮುಂಚೆ ನನ್ ಕೇಳ್ಬೇಕು," ಅಂದಳು. ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆಮೇಲೆ ಪತ್ರಿಕೆಯನ್ನು ಅವಳ ಕಡೆ ಸರಿಸಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಮಾವ-ಸೊಸೆ ಇಬ್ಬರೂ ಕೂತು ಪದಬಂಧ ಬಿಡಿಸತೊಡಗಿದರು. ಅವರು ತಪ್ಪು ಹೇಳುವುದು, ಇವಳು ಜಗಳ ಆಡುವುದು, ಜಗಳದ ನಡುವೆ ಸರಿ ಉತ್ತರ ಹೊರಬೀಳುವುದು. ಸಾರು ಉಕ್ಕಿ ಒಲೆ ಆರಿಹೋದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲವಂತೆ. ನನಗೆ ಸಂತೋಷವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಸಂತೋಷ ಒಂದು ವಾರ ಬಾಳಿತು ಅಷ್ಟೆ. ಏಕೆಂದರೆ ಈಗ ರೈಲಿನಲ್ಲಿ ಪತ್ರಿಕೆ ಬಿಚ್ಚಿದರೆ ಪದಬಂಧ ಪೂರ್ತಿ ತುಂಬಿರುತ್ತಿತ್ತು. ಎಲ್ಲವೂ ಸರಿ. ನಮಗೆ ಬಿಡಿಸಲು ಒಂದು ಚೌಕವೂ ಉಳಿದಿರುತ್ತಿರಲಿಲ್ಲ.

"ಒಂದು ನಾಲ್ಕಾದರೂ ಬಿಟ್ಟು ಬರಬಾರದೇನೇ, ಪುಣ್ಯಾತ್ಗಿತ್ತಿ?" ಅಂತ ಕೇಳಿದರೆ, "ಬಿಡಬೇಕು ಅಂತ್ಲೇ ಇದ್ದೆ ಅಕ್ಕ, ಮಾವ ಬಿಡ್ಲಿಲ್ಲ," ಅನ್ನುತ್ತಿದ್ದಳು.

ಕೊನೆಗೆ ಅಣ್ಣನ ಜೊತೆ ಒಂದು ದೊಡ್ಡ ಜಗಳ ಆಡಿ ನಾನೇ ಮನೆಗೆ ಆ ಪತ್ರಿಕೆ ಹಾಕಿಸಿದೆ. ಹೊಚ್ಚ ಹೊಸ, ಯಾರೂ ಮುಟ್ಟದ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ. ನಾನೂ ಸಿಸ್ಟರೂ ತಲೆಗೆ ತಲೆ ತಾಗಿಸಿ ಕೂತೆವು. ಎಲ್ಲ ಉತ್ತರವೂ ಗೊತ್ತಿದ್ದ ಹೊಲಿಗೆ ಟೀಚರ್ ಎದುರಿಗೆ ಕೂತಳು. ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿದ್ದೆವು. ಬಾಯಿ ಬಿಡಲಿಲ್ಲ. ಆದರೆ ನಾವು ತಪ್ಪು ದಾರಿ ಹಿಡಿದರೆ ಮುಸಿಮುಸಿ ನಗುತ್ತಿದ್ದಳು, ಸರಿ ದಾರಿ ಹಿಡಿದರೆ ತೊಡೆಯ ಮೇಲೆ ಕೈ ಬಡಿಯುತ್ತಿದ್ದಳು, ತಡವಾದರೆ ಅಯ್ಯೋ ಅಯ್ಯೋ ಅಂತ ನರಳುತ್ತಿದ್ದಳು. ಮೂರನೇ ದಿನ ಸಿಸ್ಟರ್ ಎದ್ದು ಅವಳ ಎರಡೂ ಭುಜ ಹಿಡಿದು, ಮುಖ ಕಿಟಕಿಯ ಕಡೆ ತಿರುಗಿಸಿ ಕೂರಿಸಿದಳು. ಊರಿಗಾಂ ಬರುವವರೆಗೂ ಅವಳ ಬೆನ್ನು ನಗುವಿನಿಂದ ಕುಲುಕುತ್ತಲೇ ಇತ್ತು.